ಆ ನಿಲುವಂಗಿಗೆ ಬಣ್ಣ ಬೇಡ

ನಮ್ಮ ಶಾಲೆಯ ಚಿತ್ರಕಲೆಯ ಕೋಣೆಗೆ ಒಂದು ಒಳ್ಳೆಯ ಚಿತ್ರ ಕೊಡುತ್ತೇನೆಂದು ಹಳೆ ವಿದ್ಯಾರ್ಥಿಯೊಬ್ಬರು ಮುಂದೆ ಬಂದಿದ್ದಾರೆ. ಅಚ್ಚು ಹಾಕಿದ್ದು ಬೇಡ, ಕೈಯಿಂದಲೇ ಬಿಡಿಸಿದ ತೈಲಚಿತ್ರ ಇರಲಿ ಎಂಬುದು ಅವರ ಆಸೆ. ಹಾಗೆ ನಕಲು ಮಾಡಿಸಿಕೊಡುವ ಅಂಗಡಿಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟಿವೆ. ಅವರು ಆರಿಸಿದ್ದು ವಿಯೆನ್ನಾದ ಸಂಕೇತವಾದಿ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಬಿಡಿಸಿದ ರಿಯಾ ಮುಂಕ್ ಎಂಬ ಯುವತಿಯ ಭಾವಚಿತ್ರ.

ಕಂಪ್ಯೂಟರಿನಲ್ಲಿ ಅದನ್ನು ತೋರಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಬಟ್ಟೆಗೆ ಬಣ್ಣ ಕೊಡ್ಲಿಕ್ಕೆ ಬಾಕಿ ಉಂಟಲ್ಲ?" ಎಂದಳು. ಸರಿಯಾಗಿಯೇ ನೋಡಿದ್ದಾಳೆ! ಮುಖ, ಹಿಂದಿನ ಹೂಗಳು ಬಣ್ಣದಿಂದ ತುಂಬಿವೆ. ನಿಲುವಂಗಿ ಮಾತ್ರ ಬಹುಪಾಲು ಬರಿಯ ಇದ್ದಿಲಿನ ಗೆರೆ. "ಬಾಕಿ ಇದ್ದದ್ದನ್ನು ತುಂಬಿಸಿಯೇ ಕಳಿಸಲಿಕ್ಕೆ ಹೇಳಿದರಾಯಿತು, ಹಣ ಕೊಡುವುದು ನಾವಲ್ಲವೇ?" ಎಂದರು ಪಕ್ಕದಲ್ಲಿದ್ದ ಸಹೋದ್ಯೋಗಿ. ಹಾಗೆ ಮಾಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಜಗಳ ಆಡಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ರಿಯಾ 1911ರ ಡಿಸೆಂಬರ್ 28ರಂದು ತನ್ನ ಪ್ರಾಣ ತಾನೇ ಕಳೆದುಕೊಂಡಳು. ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ತಾಯಿ ಅರಾಂಕಾ ಮುಂಕ್ ಮಗಳ ಚಿತ್ರವನ್ನು ಕ್ಲಿಮ್ಟ್ ಕೈಯಲ್ಲಿ ಬರೆಸಲು ಹೊರಟರು. ಮೊದಲ ಚಿತ್ರದಲ್ಲಿ ಆಕೆ ಹೂಗಳ ನಡುವೆ ಕಣ್ಣು ಮುಚ್ಚಿ ಮಲಗಿದ್ದಾಳೆ. ಎರಡನೆಯದನ್ನು ಚಿತ್ರಕಾರ ಆಮೇಲೆ ತಿದ್ದಿ 'ನರ್ತಕಿ'ಯಾಗಿಸಿಬಿಟ್ಟ. ಮೂರನೆಯದರಲ್ಲಿ ರಿಯಾ ಎದ್ದು ನಿಂತಿದ್ದಾಳೆ, ಮುಗುಳ್ನಗುತ್ತಿದ್ದಾಳೆ. ಸತ್ತು ಐದಾರು ವರ್ಷಗಳಾದ ಮೇಲೆ! ಅದು ಮುಗಿಯುವ ಮೊದಲೇ, 1918ರ ಫೆಬ್ರವರಿ 6ರಂದು, ಚಿತ್ರಕಾರನೂ ತೀರಿಕೊಂಡ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅವರದು ಯೆಹೂದಿ ಕುಟುಂಬ. ನಾಜಿಗಳು 1941ರಲ್ಲಿ ಅರಾಂಕಾರನ್ನು ಪೋಲೆಂಡಿನ ಲೋಡ್ಜ್‌ಗೆ ಸಾಗಿಸಿದರು. ಅಲ್ಲಿಂದ ಅವರು ಹಿಂದೆ ಬರಲಿಲ್ಲ. ಇನ್ನೊಬ್ಬ ಮಗಳು ಲೋಲಾಳನ್ನು 1942ರಲ್ಲಿ ಕೊಂದರು. ಚಿತ್ರ ಕೈ ಬದಲಾಗುತ್ತಾ ಆಸ್ಟ್ರಿಯಾದ ಲಿಂಟ್ಸ್ ನಗರದ ಸಂಗ್ರಹಾಲಯ ಸೇರಿತು. ವಾರಸುದಾರರಿಗೆ ಅದು ಮರಳಿ ಸಿಕ್ಕಿದ್ದು 2009ರಲ್ಲಿ. ಮರುವರ್ಷ ಲಂಡನ್ನಿನ ಹರಾಜಿನಲ್ಲಿ ಸುಮಾರು 1.88 ಕೋಟಿ ಪೌಂಡಿಗೆ ಮಾರಾಟವಾಯಿತು.

ಇಷ್ಟೆಲ್ಲ ಗೊತ್ತಾದ ಮೇಲೆ, ಆ ಗೆರೆಗಳ ಮೇಲೆ ಯಾರೋ ತಮಗೆ ತೋಚಿದ ನೀಲಿಯನ್ನೋ ಗುಲಾಬಿಯನ್ನೋ ಬಳಿದರೆ ಹೇಗಿರುತ್ತದೆ ಹೇಳಿ?

ನಕಲಿನ ಬಗ್ಗೆ ನನಗೆ ತಾತ್ಸಾರ ಇಲ್ಲ. ದಿನಾ ಮಕ್ಕಳಿಂದ ಕಾಪಿ ಬರೆಸುವ ಮಾಷ್ಟ್ರು ನಾನು, ತಾತ್ಸಾರ ಇದ್ದರೆ ನಡೆದೀತೇ? ಚೀನಾದ ಶೆಂಝೆನ್ ನಗರದ ದಾಫೆನ್‌ನಲ್ಲಿ ಇಂಥ ಚಿತ್ರಗಳನ್ನು ನಕಲು ಮಾಡಿಯೇ ಹೊಟ್ಟೆ ಹೊರೆದ ಕಲಾವಿದರು ಸಾವಿರಾರು. ನಮ್ಮ ಕೈಗೆ ಬರುವ ಚಿತ್ರದ ಮೇಲೆ ಅಂಥವರ ಹೆಸರಂತೂ ಇರುವುದಿಲ್ಲ. ಆದರೆ ಅರ್ಧಕ್ಕೆ ನಿಂತ ಚಿತ್ರವನ್ನು ನಕಲು ಮಾಡುವುದು ಸುಲಭದ ಕೆಲಸ ಅಂದುಕೊಳ್ಳಬೇಡಿ. ಕ್ಲಿಮ್ಟ್ ಆ ನಿಲುವಂಗಿಯನ್ನು ಇನ್ನೂ ಹುಡುಕುತ್ತಿದ್ದ, ಆ ಗೆರೆಗಳಲ್ಲಿ ಆ ಹುಡುಕಾಟ ಇದೆ. ನಕಲು ಮಾಡುವವನಿಗೆ ಹುಡುಕಲಿಕ್ಕೆ ಏನೂ ಇಲ್ಲ, ಬೀಸಿ ಎಳೆದ ಗೆರೆಯನ್ನು ಆತ ನಿಧಾನವಾಗಿ, ಎಲ್ಲಿ ನಿಂತಿದೆಯೋ ಅಲ್ಲೇ ನಿಲ್ಲಿಸಬೇಕು. ಮೂಲ ಮುಗಿಯಲಿಲ್ಲ, ನಕಲು ಮಾತ್ರ ಮುಗಿಯುತ್ತದೆ... ವಿಚಿತ್ರ ಅಲ್ಲವೇ? ಬಣ್ಣ ತುಂಬಿಬಿಟ್ಟರೆ ಅದು ನಕಲೂ ಅಲ್ಲ.

ಇನ್ನೊಂದು ಮಾತು ಅಳತೆಯದ್ದು. ಮೂಲ ಸುಮಾರು 180 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲ, ಎದುರಿಗೆ ಒಬ್ಬಳು ನಿಂತ ಹಾಗೆ. ಖರ್ಚು ಉಳಿಸಲೆಂದು ಕ್ಯಾಲೆಂಡರಿನಷ್ಟು ಮಾಡಿಸಿದರೆ ಆ ಖಾಲಿ ಜಾಗ ಕಣ್ಣಿಗೇ ಬೀಳದು. ನಮ್ಮ ಗೋಡೆಯಲ್ಲಿ ಜಾಗ ಇದೆ, ಅಳೆದು ನೋಡಿದ್ದೇನೆ.

ದಾನಿಗಳಿಗೆ ಪತ್ರ ಬರೆದಿದ್ದೇನೆ. ಚಿತ್ರ ಬರಲಿ, ನಿಲುವಂಗಿ ಇದ್ದ ಹಾಗೆಯೇ ಇರಲಿ. ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸೋಣ: ರಿಯಾ ಮುಂಕ್, ಗುಸ್ತಾವ್ ಕ್ಲಿಮ್ಟ್, 1917-18, ಅಪೂರ್ಣ. ಅದರ ಕೆಳಗೆ ನಕಲು ಮಾಡಿದವರ ಹೆಸರು. ಆ ಹೆಸರನ್ನು ಅಂಗಡಿಯವರಿಂದ ಕೇಳಿ ತರಿಸಿಕೊಡಬೇಕೆಂದೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.