ಗುಣಪತ್ರಿಕೆಯೂ ಅದರ ಹಿಂದಿನ ಶಾಲೆಯೂ

ನೂರಕ್ಕೆ ತೊಂಬತ್ತು ಅಂಕಗಳೆಂದರೆ ಎಲ್ಲೆಡೆಯಲ್ಲಿಯೂ ತೊಂಬತ್ತೇ ಎಂದು ತಿಳಿಯುವದು ನಮ್ಮಲ್ಲಿ ರೂಢಿಯಾಗಿದೆ. ಸಾವಿರಾರು ಶಾಲೆಗಳಿಗೆ ಒಂದೇ ಪ್ರಶ್ನಪತ್ರಿಕೆಯಿದ್ದು, ಉತ್ತರಗಳನ್ನು ಹುಡುಗನ ಗುರುತಿಲ್ಲದ ಪರೀಕ್ಷಕರು ತಿದ್ದುವಲ್ಲಿ ಈ ನಂಬಿಕೆಗೆ ತಕ್ಕಮಟ್ಟಿನ ಆಧಾರವೂ ಉಂಟು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಹಾಗಿಲ್ಲ. ಅಲ್ಲಿ ಒಂಬತ್ತರಿಂದ ಹನ್ನೆರಡನೆಯ ಇಯತ್ತೆಯವರೆಗಿನ ನಾಲ್ಕು ವರ್ಷಗಳ ಗುಣಾಂಕಗಳನ್ನು ಆಯಾ ಶಾಲೆಯ ಉಪಾಧ್ಯಾಯರೇ ಕೊಡುವರು. ದೇಶಕ್ಕೆಲ್ಲ ಒಂದೇ ಆದ ಮುಕ್ತಾಯದ ಪರೀಕ್ಷೆಯಿಲ್ಲ. ಒಂದು ಶಾಲೆಯ ‘ಎ’ ಇನ್ನೊಂದರ ‘ಬಿ’ಗೆ ಸಮನಾದೀತು. ಆದುದರಿಂದ ಆರಿಸಿ ತೆಗೆದುಕೊಳ್ಳುವ ಕಾಲೇಜುಗಳು ವಿದ್ಯಾರ್ಥಿಯ ಗುಣಪತ್ರಿಕೆಯನ್ನು ಓದುವ ಮುನ್ನ ಅವನ ಶಾಲೆಯನ್ನು ಓದಬೇಕಾಗುತ್ತದೆ. (ಅಲ್ಲಿಯ ಬಹುತೇಕ ಕಾಲೇಜುಗಳು ಅರ್ಜಿ ಹಾಕಿದವರಲ್ಲಿ ಹೆಚ್ಚಿನವರನ್ನು ಸೇರಿಸಿಕೊಳ್ಳುವವು, ಈ ಸೂಕ್ಷ್ಮ ವಿಚಾರಣೆಯೆಲ್ಲ ನೂಕುನುಗ್ಗಲುಳ್ಳ ಕೆಲವು ಬಾಗಿಲುಗಳಲ್ಲಿ ಮಾತ್ರ.)

ಈ ಓದುವಿಕೆಯ ಕ್ರಮವು ತಿಳಿದುಕೊಳ್ಳತಕ್ಕದ್ದಾಗಿದೆ. ಗುಣಪತ್ರಿಕೆಯ ಸಂಗಡ ಶಾಲೆಯು ತನ್ನ ಪರಿಚಯಪತ್ರವೊಂದನ್ನು ಕಳುಹಿಸುವದು. ಶಾಲೆಯಲ್ಲಿ ಎಷ್ಟು ಮಕ್ಕಳು, ಯಾವ ಯಾವ ವಿಷಯಗಳನ್ನು ಕಲಿಸುವರು, ಗುಣಾಂಕ ಕೊಡುವ ಪದ್ಧತಿಯೇನು, ತೇರ್ಗಡೆಯಾದವರಲ್ಲಿ ಎಷ್ಟು ಜನ ಕಾಲೇಜಿಗೆ ಹೋಗುವರು ಎಂಬಿವೇ ಮುಂತಾದ ಸಂಗತಿಗಳು ಅದರಲ್ಲಿರುವವು. ಇವನು ಆರಿಸಿಕೊಂಡ ಪಾಠಕ್ರಮವು ನಿಮ್ಮ ಶಾಲೆಯಲ್ಲಿ ದೊರೆಯುವ ಅತ್ಯಂತ ಕಠಿಣವಾದದ್ದೋ ಸಾಧಾರಣವಾದದ್ದೋ ಎಂಬ ಪ್ರಶ್ನೆಗೆ ಶಾಲೆಯ ಸಲಹೆಗಾರನು ಬೇರೆಯಾಗಿ ಉತ್ತರ ಕೊಡುವನು. ಕಾಲೇಜಿನಲ್ಲಿ ಒಬ್ಬೊಬ್ಬ ಪ್ರವೇಶಾಧಿಕಾರಿಗೆ ಒಂದೊಂದು ಸೀಮೆಯನ್ನು ಹಂಚಿಕೊಡುವದುಂಟು. ವರ್ಷವರ್ಷವೂ ಅದೇ ಊರುಗಳ ಅರ್ಜಿಗಳನ್ನು ನೋಡುತ್ತ ಅವನಿಗೆ ಶಾಲೆಗಳ ಪರಿಚಯವಾಗುವದು.

ಇದರ ಅಗತ್ಯವನ್ನು ಒಂದು ಲೆಕ್ಕದಿಂದ ತೋರಿಸಬಹುದು. ‘ಎ’ಗೆ ೪, ‘ಬಿ’ಗೆ ೩ ಎಂದು ಎಣಿಸುವರು, ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂಬ ಕಾಲೇಜು ಮಟ್ಟದ ಪಾಠಗಳಿಗೆ ಅನೇಕ ಶಾಲೆಗಳು ಒಂದೊಂದು ಅಂಕವನ್ನು ಹೆಚ್ಚಿಗೆ ಸೇರಿಸುವವು. ಇಂಥ ಪಾಠಗಳೇ ಇಲ್ಲದ ಹಳ್ಳಿಯ ಶಾಲೆಯಲ್ಲಿ ಎಲ್ಲದರಲ್ಲಿಯೂ ‘ಎ’ ಪಡೆದ ಹುಡುಗಿಯ ಸರಾಸರಿಯು ೪ನ್ನು ಮೀರಲಾರದು. ಇಂಥ ಪಾಠಗಳು ಹತ್ತಿಪ್ಪತ್ತು ಇರುವ ಶಾಲೆಯಲ್ಲಿ, ಅರ್ಧ ಪಾಠಗಳನ್ನು ಅವುಗಳಿಂದಲೇ ಆರಿಸಿ ಎಲ್ಲದರಲ್ಲಿಯೂ ‘ಎ’ ಪಡೆದವನಿಗೆ ೪.೫ ಬರುವದು. ಇವೆರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹುಡುಗಿಯನ್ನು ಹಿಂದೆ ತಳ್ಳಿದರೆ, ಅವಳ ಊರು ಅವಳಿಗೆ ಕೊಡದಿದ್ದುದಕ್ಕಾಗಿ ಅವಳನ್ನೇ ದಂಡಿಸಿದಂತಾಯಿತು. ಇದ್ದದ್ದರಲ್ಲಿ ಎಷ್ಟನ್ನು ಬಳಸಿಕೊಂಡಳೆಂದು ಕೇಳುವದೇ ನ್ಯಾಯವಾದ ಪ್ರಶ್ನೆಯೆಂದು ನಾವು ಎಣಿಸುವೆವು.

ಆದರೆ ಆ ಪರಿಚಯಪತ್ರವನ್ನು ಬರೆಯುವವರಾರು? ಇಲ್ಲಿಯೇ ತೊಡಕಿರುವದು. ೨೫೦ ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರನಿರಬೇಕೆಂದು ಅವರ ಸಂಘವೇ ಹೇಳಿದೆ. ದೇಶದ ಸರಾಸರಿಯು ೩೫೦ನ್ನು ಮೀರಿದೆ. ಸಿರಿವಂತರ ಖಾಸಗಿ ಶಾಲೆಯಲ್ಲಿ ಕಾಲೇಜು ಪ್ರವೇಶದ ಕೆಲಸಕ್ಕೆಂದೇ ನಿಯಮಿಸಲ್ಪಟ್ಟ ಜನರಿರುವರು. ಅವರು ಒಬ್ಬೊಬ್ಬ ಹುಡುಗನನ್ನೂ ಬಲ್ಲರು, ಪತ್ರವನ್ನು ಅಂದವಾಗಿ ಸಿದ್ಧಗೊಳಿಸುವರು. ಬಡ ಶಾಲೆಯ ಸಲಹೆಗಾರನು ವೇಳಾಪಟ್ಟಿ, ಗೈರುಹಾಜರಿ, ಮನೆಯ ಕಷ್ಟಗಳು ಇವೆಲ್ಲವುಗಳ ನಡುವೆ ಹಳೆಯ ಪತ್ರವನ್ನೇ ಕಳುಹಿಸಿಬಿಟ್ಟರೆ ಆಶ್ಚರ್ಯವಿಲ್ಲ. ಬಡವನಿಗೆ ಆಸರೆಯಾಗಬೇಕಾದ ಕಾಗದವು ಬಡವನ ಶಾಲೆಯಿಂದಲೇ ಸೊರಗಿ ಬರುವದು.

ಈ ಕೊರತೆಯನ್ನು ತುಂಬುವ ಯತ್ನಗಳು ನಡೆಯದೆ ಇಲ್ಲ. ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯು ವಿದ್ಯಾರ್ಥಿಯ ಶಾಲೆ ಮತ್ತು ನೆರೆಹೊರೆಗಳ ಕಷ್ಟವನ್ನು ಒಂದೇ ಅಂಕೆಯಲ್ಲಿ ಅಳೆಯಹೋಯಿತು. ೨೦೧೯ರಲ್ಲಿ ಅದಕ್ಕೆ ದೊಡ್ಡ ಗದ್ದಲವೆದ್ದುದರಿಂದ ಆ ಒಂಟಿ ಅಂಕೆಯನ್ನು ಬಿಟ್ಟು, ವಿವರಗಳನ್ನು ಬಿಡಿಬಿಡಿಯಾಗಿ ಒದಗಿಸುವ ‘ಲ್ಯಾಂಡ್‌ಸ್ಕೇಪ್’ ಎಂಬ ಸಾಧನವನ್ನು ಕಾಲೇಜುಗಳ ಮುಂದಿಟ್ಟಿತು. ೨೦೨೫ರಲ್ಲಿ ಅದನ್ನೂ ನಿಲ್ಲಿಸಿತು. ಬಾಳಿನ ಕಷ್ಟವನ್ನು ಒಂದು ಅಂಕೆಗೆ ಇಳಿಸುವದು ತಪ್ಪೇ ಸರಿ. ಆದರೆ ಯಾವ ಸಲಹೆಗಾರನ ಬಿಡುವನ್ನೂ ಕಾಯದೆ ಎಲ್ಲ ಶಾಲೆಗಳಿಗೂ ಒಂದೇ ಮಾದರಿಯಿಂದ ದೊರೆಯುತ್ತಿದ್ದ ವಿವರವು ಇಲ್ಲವಾದುದು ನಷ್ಟವೆಂದೇ ನಮ್ಮ ಮತ.

ಟೆಕ್ಸಾಸ್ ಸಂಸ್ಥಾನವು ಬೇರೊಂದು ದಾರಿಯನ್ನು ಹಿಡಿಯಿತು. ೧೯೯೭ರ ಕಾಯಿದೆಯ ಮೇರೆಗೆ ಪ್ರತಿಯೊಂದು ಪ್ರೌಢಶಾಲೆಯ ತರಗತಿಯಲ್ಲಿ ಮೊದಲ ಶೇಕಡಾ ೧೦ರಲ್ಲಿ ಬಂದವರಿಗೆ ಸಂಸ್ಥಾನದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ದೊರೆಯುವಂತಾಯಿತು. ಆಸ್ಟಿನ್ನಿನಲ್ಲಿ ಜಾಗ ಸಾಲದೆ ೨೦೦೯ರಲ್ಲಿ ಕಾಯಿದೆಯನ್ನು ಬಿಗಿಮಾಡಬೇಕಾಯಿತು. ೨೦೨೬ರ ಶರತ್ಕಾಲದ ಪ್ರವೇಶಕ್ಕೆ ಅಲ್ಲಿಯ ಮಿತಿಯು ಶೇಕಡಾ ೫ಕ್ಕೆ ಇಳಿಯಿತು. ಬಿರುಸಾದ ಸ್ಪರ್ಧೆಯುಳ್ಳ ಶಾಲೆಯ ಹುಡುಗನಿಗೆ ಇದರಿಂದ ಪೆಟ್ಟು ಬೀಳುವದು ನಿಜ. ಆದರೂ ನಿಯಮವು ಬಯಲಿನಲ್ಲಿದೆ. ಒಂಬತ್ತನೆಯ ಇಯತ್ತೆಯ ಮಗುವೂ ಅದನ್ನು ತಿಳಿಯಬಲ್ಲದು. ಮುಚ್ಚಿದ ಕೋಣೆಯ ಓದುವಿಕೆಗೆ ಈ ಗುಣವಿಲ್ಲ.

ಶಾಲೆಯನ್ನು ನೋಡಿ ಕರುಣೆ ತೋರಿದರೆ ಕಾಲೇಜಿನ ಮಟ್ಟ ಕುಸಿಯದೇ ಎಂಬ ಆಕ್ಷೇಪಣೆಯನ್ನು ಕಡೆಗಣಿಸಲಾಗದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಈಗ ಪ್ರವೇಶ ಪರೀಕ್ಷೆಯ ಅಂಕಗಳನ್ನು ನೋಡುವದಿಲ್ಲ. ಗಣಿತದಲ್ಲಿ ಒಳ್ಳೆಯ ಗುಣಾಂಕ ಪಡೆದು ಬಂದವರಲ್ಲಿ ಹಲವರು ಪ್ರೌಢಶಾಲೆಗಿಂತ ಕೆಳಗಿನ ಲೆಕ್ಕಗಳಲ್ಲಿ ತಡವರಿಸುತ್ತಿರುವರೆಂದು ಅದರ ಸ್ಯಾನ್ ಡಿಯೇಗೋ ಶಾಖೆಯ ೨೦೨೫ರ ವರದಿಯೇ ಒಪ್ಪಿಕೊಂಡಿದೆ. ಶಾಲೆಯ ಸ್ಥಿತಿಯು ಹುಡುಗನ ದುಡಿಮೆಗೆ ಸಾಕ್ಷಿಯಾದೀತು, ಅವನು ಕಲಿತುದಕ್ಕೆ ಅಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ತೂಗಿ, ಸೇರಿಸಿಕೊಂಡವನಿಗೆ ಕಡಮೆಬಿದ್ದುದನ್ನು ಕಲಿಸುವ ಹೊಣೆಯನ್ನು ಕಾಲೇಜು ಹೊರಬೇಕು. ಹೊರಲಾರದಿದ್ದರೆ ಬಾಗಿಲು ತೆರೆದುದು ಬರಿಯ ತೋರಿಕೆ.

ನಮ್ಮ ರಾಜ್ಯದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ ೧೫, ಕನ್ನಡ ಮಾಧ್ಯಮದವರಿಗೆ ಶೇಕಡಾ ೫ ಸ್ಥಾನಗಳನ್ನು ಮೀಸಲಿಟ್ಟಿರುವದೂ ಇದೇ ವಿಚಾರದ ಒರಟಾದ ರೂಪ. ಇನ್ನು, ಇಲ್ಲಿಂದ ಅಮೇರಿಕೆಯ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಸಲುವಾಗಿ ನಮ್ಮ ಉಪಾಧ್ಯಾಯ ಬಂಧುಗಳಿಗೆ ಒಂದು ಬಿನ್ನಹ. ಅಲ್ಲಿಯ ಕಾಲೇಜುಗಳು ಈ ಪರಿಚಯಪತ್ರವನ್ನು ನಮ್ಮ ಶಾಲೆಗಳಿಂದಲೂ ಕೇಳುವವು. ಹುಡುಗನ ಹೊಗಳಿಕೆಗೆ ಅದರಲ್ಲಿ ಸ್ಥಳವಿಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳು, ಪ್ರಯೋಗಶಾಲೆ ಇದೆಯೋ ಇಲ್ಲವೋ, ಯಾವ ವಿಷಯಗಳನ್ನು ಕಲಿಸಲು ಜನವಿಲ್ಲ, ಕಲಿಸುವ ಭಾಷೆ ಯಾವುದು, ಹಿಂದಿನ ವರ್ಷ ನೂರಕ್ಕೆ ತೊಂಬತ್ತನ್ನು ಮೀರಿದವರೆಷ್ಟು ಜನ ಎಂಬುದನ್ನು ಎರಡು ಪುಟಗಳಲ್ಲಿ ಬರೆದಿಟ್ಟರೆ ಸಾಕು. ವರ್ಷಾರಂಭದಲ್ಲಿಯೇ ಬರೆದಿಟ್ಟರೆ, ಅರ್ಜಿಯ ಕೊನೆಯ ದಿನದಂದು ಹುಡುಗನು ಓಡಿಬಂದಾಗ ಮುಖ್ಯೋಪಾಧ್ಯಾಯರು ಕಾಗದ ಹುಡುಕುವ ಪ್ರಮೇಯವಿರದು.