ಚಾಲನಾಚಕ್ರದ ಹೊದಿಕೆ ಮತ್ತು ಶ್ರಾವಕನ ವಿವೇಕ

ಕಾರು ಕೆಲವು ವರ್ಷ ಓಡಿದ ಮೇಲೆ ಮೊದಲು ಮುಪ್ಪು ಕಾಣಿಸಿಕೊಳ್ಳುವ ಭಾಗಗಳಲ್ಲಿ ಸ್ಟೀರಿಂಗ್ ಚಕ್ರವೂ ಒಂದು. ಅಂಗೈಯ ಬೆವರು, ಅದರಲ್ಲಿನ ಉಪ್ಪು, ಗಾಜಿನ ಮೂಲಕ ನೇರವಾಗಿ ಬೀಳುವ ಬಿಸಿಲು ಇವೆಲ್ಲ ಸೇರಿ ಅದರ ಮೇಲ್ಮೈಯನ್ನು ಸವೆಸುತ್ತವೆ. ಮೊದಲು ಹೊಳಪು, ಬಳಿಕ ಅಂಟು, ಕೊನೆಗೆ ಸಿಪ್ಪೆ. ಆಗ ಒಡೆಯನು ಹೊಸ ಹೊದಿಕೆ ಹಾಕಿಸಲು ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಮಾದರಿ ತುಂಡುಗಳ ಗೊಂಚಲನ್ನು ಮುಂದಿಟ್ಟು, ಅದರಲ್ಲಿ ಬೆಲೆಬಾಳುವ ತುಂಡೊಂದನ್ನು ಹಿಡಿದು, ‘ಇದು ಅಸಲಿ ಚರ್ಮ, ಮುಟ್ಟಿ ನೋಡಿ’ ಎನ್ನುತ್ತಾನೆ.

ನಮ್ಮ ಆಚಾರ್ಯರು ಇಂದ್ರಿಯಗಳ ಕುರಿತು ಹೇಳುವಾಗ ಸ್ಪರ್ಶಕ್ಕೆ ಆನೆಯನ್ನು ಉದಾಹರಣೆಯಾಗಿ ಕೊಡುವುದುಂಟು. ಅಷ್ಟು ಬಲಶಾಲಿಯಾದ ಪ್ರಾಣಿಯೂ ಸ್ಪರ್ಶಸುಖದ ಆಸೆಗೆ ಬಿದ್ದು ಖೆಡ್ಡಾದ ಗುಂಡಿಗೆ ಉರುಳುತ್ತದೆ. ಅಂಗಡಿಯ ಆ ನಯವಾದ ತುಂಡಿನ ಮೇಲೆ ಬೆರಳಾಡಿಸುವಾಗ ನಾವು ಮರೆಯುವುದು ಒಂದೇ ಸಂಗತಿಯನ್ನು: ಆ ನಯವು ಒಂದು ಪಂಚೇಂದ್ರಿಯ ಜೀವಿಯ ಮೈಯದು.

ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟನ್ನೂ ಕೈಚೀಲವನ್ನೂ ಬಿಟ್ಟು ಒಳಗೆ ಹೋಗುವ ಶ್ರಾವಕರು ಎಷ್ಟೋ ಮಂದಿ. ಅವರಲ್ಲಿಯೇ ಕೆಲವರು ಕಾರಿಗೆ ಮರಳಿ ಬಂದು, ಚರ್ಮ ಹೊದಿಸಿದ ಚಕ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಮನೆಯ ದಾರಿ ಹಿಡಿಯುತ್ತಾರೆ. ಕಾರಿನೊಡನೆ ಬಂದದ್ದು, ನಾವು ಕೇಳಿದ್ದಲ್ಲ ಎಂಬ ಸಮಾಧಾನ ಅಲ್ಲಿ ಇರಬಹುದು. ಹೊದಿಕೆ ಬದಲಾಯಿಸುವ ದಿನ ಆ ಸಮಾಧಾನಕ್ಕೆ ಎಡೆಯಿಲ್ಲ. ಅಂದು ವಸ್ತುವನ್ನು ಆರಿಸುವವರು ನಾವು, ಹಣ ಕೊಡುವವರು ನಾವು. ಶಾಸ್ತ್ರಗಳು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ವಿಂಗಡಿಸುತ್ತವೆ. ಅಡಿಗೆ, ಕೃಷಿ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ತಪ್ಪಿಸಲಾಗದ ಪಾಲು ಉಂಟು. ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರು ಬಾಗಿಲುಗಳಲ್ಲಿ ಯಾವುದರಿಂದ ಬಂದರೂ ದೋಷ ದೋಷವೇ. ಚರ್ಮವನ್ನು ಕೊಳ್ಳುವವನು ಕತ್ತಿ ಹಿಡಿದವನಲ್ಲ, ನಿಜ. ಆದರೂ ಮೂರನೆಯ ಬಾಗಿಲಲ್ಲಿ ಅವನು ನಿಂತಿದ್ದಾನೆ.

ಇದಕ್ಕೆ ಒಂದು ಪ್ರತಿವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಚರ್ಮ ಉಪ ಉತ್ಪನ್ನವಷ್ಟೇ, ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ಬಿಸಾಡುವುದನ್ನು ಬಳಸಿದರೆ ತಪ್ಪೇನು ಎಂಬುದು ಆ ವಾದ. ಕಸಾಯಿಖಾನೆಯ ಲೆಕ್ಕಪುಸ್ತಕ ಇದನ್ನು ಒಪ್ಪುವುದಿಲ್ಲ. ತೊಗಲಿಗೆ ಬೆಲೆ ಬಂದಷ್ಟೂ ವಧೆಯ ಲಾಭ ಹೆಚ್ಚುತ್ತದೆ. ಸಹಜವಾಗಿ ಸತ್ತ ದನದ ತೊಗಲಿನ ವಿಷಯ ಬೇರೆ. ಗಾಂಧೀಜಿಯವರು ಅಂಥ ತೊಗಲಿನ ಪಾದರಕ್ಷೆಗಳನ್ನೇ ಪ್ರೋತ್ಸಾಹಿಸಿದರು. ಕಾರಿನ ಅಂಗಡಿಯಲ್ಲಿ ತೂಗುವ ತುಂಡು ಯಾವ ಕೊಟ್ಟಿಗೆಯಿಂದ ಬಂದಿತೆಂದು ಯಾರು ಹೇಳಬಲ್ಲರು? ಮೇಲಾಗಿ ಜೈನ ಶ್ರಾವಕಾಚಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಚರ್ಮದ ಪಾತ್ರೆಯಲ್ಲಿಟ್ಟ ನೀರು, ಎಣ್ಣೆ, ಇಂಗುಗಳ ಸೇವನೆಯನ್ನೂ ಮಾಂಸತ್ಯಾಗದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಮುನಿಗಳ ಕೈಯಲ್ಲಿರುವ ಪಿಂಛಿಯನ್ನು ನೋಡಿ. ಅದು ಪ್ರಾಣಿಯಿಂದಲೇ ಬಂದದ್ದು. ಆದರೆ ನವಿಲು ತಾನಾಗಿ ಉದುರಿಸಿದ ಗರಿಯದು. ಯಾವ ಹಕ್ಕಿಯೂ ಅದಕ್ಕಾಗಿ ನೋಯಲಿಲ್ಲ. ಆ ವ್ಯತ್ಯಾಸವೇ ಇಲ್ಲಿ ಅಳತೆಗೋಲು.

ಲಾಭವೆಷ್ಟು ಎಂಬುದನ್ನೂ ಅಳೆಯೋಣ. ಸಾಮಾನ್ಯ ಕಾರಿನ ಚಕ್ರದ ವ್ಯಾಸ ಸುಮಾರು 37 ಸೆಂಟಿಮೀಟರ್. ಅದರ ಸುತ್ತಳತೆ 116 ಸೆಂಟಿಮೀಟರ್ ಆಸುಪಾಸು. ಬಳೆಯನ್ನು ಸುತ್ತಲು 10 ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ಅಂದರೆ ಒಂದೂಕಾಲು ಚದರಡಿ. ಇಷ್ಟರಿಂದ ಸಿಗುವುದು ಕೊಂಚ ನಯ, ಕೊಂಚ ಪ್ರತಿಷ್ಠೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗಗಳಿಗೆ ಮಿತಿ ಹಾಕುವಾಗ, ಫಲ ಅಲ್ಪವಾಗಿ ಘಾತ ಹೆಚ್ಚಾಗಿರುವ ಪದಾರ್ಥಗಳನ್ನು ಬಿಡಬೇಕೆನ್ನುತ್ತಾರೆ. ಅವರು ಹೇಳಿದ್ದು ಮೂಲಂಗಿ, ಹಸಿಶುಂಠಿ, ಬೆಣ್ಣೆಗಳಂಥ ಆಹಾರದ ಮಾತು. ಒಂದೂಕಾಲು ಚದರಡಿಯ ಈ ಅಲಂಕಾರಕ್ಕೆ ಆ ತಕ್ಕಡಿ ಇನ್ನೂ ಚೆನ್ನಾಗಿ ಹೊಂದುತ್ತದೆಂದು ನನ್ನ ಅಭಿಪ್ರಾಯ.

ಘಾತವು ಪ್ರಾಣಿಯೊಡನೆ ಮುಗಿಯುವುದೂ ಇಲ್ಲ. ಇಂದು ಬಹುಪಾಲು ತೊಗಲು ಕ್ರೋಮಿಯಂ ಲವಣಗಳಲ್ಲಿ ಹದಗೊಳ್ಳುತ್ತದೆ. ತಮಿಳುನಾಡಿನ ಪಾಲಾರ್ ನದಿಯ ದಂಡೆಯ ಚರ್ಮ ಹದಮಾಡುವ ಕಾರ್ಖಾನೆಗಳ ತ್ಯಾಜ್ಯ ನೀರಿನ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕೆಂಬ ತತ್ತ್ವವನ್ನು 1996ರ ಆ ತೀರ್ಪು ಈ ನೆಲದ ಕಾನೂನಿನ ಭಾಗವೆಂದು ಎತ್ತಿಹಿಡಿಯಿತು. ನೀರನ್ನೇ ಜೀವಕಾಯವೆಂದು ಕಾಣುವ ಧರ್ಮದವರಿಗೆ ಇದು ದೂರದ ಸುದ್ದಿಯಲ್ಲ.

ಹಾಗೆಂದು ಚರ್ಮ ಬಿಟ್ಟ ಕೂಡಲೇ ಕೈ ತೊಳೆದುಕೊಂಡಂತಾಗುವುದಿಲ್ಲ. ನಮ್ಮವರು ‘ರೆಕ್ಸಿನ್ ಹಾಕಿಸಿದೆ, ದೋಷವಿಲ್ಲ’ ಎಂದು ನಿರಾಳರಾಗುವುದನ್ನು ಕಂಡಾಗ ನನಗೆ ಕೊಂಚ ಕಸಿವಿಸಿಯಾಗುತ್ತದೆ. ರೆಕ್ಸಿನ್ ಎಂದು ನಾವು ಕರೆಯುವುದರಲ್ಲಿ ಅಗ್ಗದ್ದು ಸಾಮಾನ್ಯವಾಗಿ ಪಿವಿಸಿ ಲೇಪಿಸಿದ ಬಟ್ಟೆ. ಅದನ್ನು ಮೆತ್ತಗಿಡಲು ಬೆರೆಸಿದ ದ್ರವ್ಯ ಬಿಸಿಲಿಗೆ ನಿಧಾನವಾಗಿ ಹೊರಬೀಳುತ್ತದೆ. ಹೊದಿಕೆ ಮೊದಲು ಜಿಗುಟಾಗಿ, ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಪಾಲಿಯುರಿಥೇನ್ ಲೇಪನ ಇದಕ್ಕಿಂತ ಮೃದು, ಆದರೆ ತೇವ ಅದರ ಶತ್ರು. ಮಂಗಳೂರು, ಮೂಡುಬಿದಿರೆಗಳ ಹವೆಯಲ್ಲಿ ಕಳಪೆ ಪಿಯು ಕೆಲವೇ ವರ್ಷಗಳಲ್ಲಿ ಹುಣ್ಣಿನ ಹೊಪ್ಪಳೆಯಂತೆ ಉದುರತೊಡಗುತ್ತದೆ. ಉದುರಿದ ಪ್ರತಿಯೊಂದು ಚೂರೂ ಮಣ್ಣಿಗೆ, ನೀರಿಗೆ, ಅಲ್ಲಿನ ಸೂಕ್ಷ್ಮ ಜೀವಿಗಳ ನೆಲೆಗೆ ಸೇರುತ್ತದೆ. ಆದ್ದರಿಂದ ನನ್ನ ಒಲವು ದಟ್ಟ ಹೆಣಿಗೆಯ ಮೈಕ್ರೋಫೈಬರ್ ಹೊದಿಕೆಯ ಕಡೆಗೆ. ಅದೂ ಪ್ಲಾಸ್ಟಿಕ್ಕೇ, ಆದರೆ ಬಾಳಿಕೆ ಹೆಚ್ಚು. ಎರಡು ಮೂರು ಬಾರಿ ಬದಲಿಸುವ ಕಡೆ ಒಮ್ಮೆ ಬದಲಿಸಿದರೆ ಸಾಕು. ಬಟ್ಟೆಯೇ ಬೇಕೆನ್ನುವವರು ಹತ್ತಿಯ ದಾರವನ್ನು ಬಿಗಿಯಾಗಿ ಸುತ್ತಿಸಬಹುದು. ನೋಡಲು ಸೊಗಸು, ಬೆವರನ್ನೂ ಹೀರುತ್ತದೆ, ಆದರೆ ಬೇಗ ಕೊಳೆಯಾಗುತ್ತದೆ. ದಾರ ಒಂದಿಷ್ಟು ಸಡಿಲಾದರೂ ಬಿಚ್ಚಿ ಹೊಸದಾಗಿ ಸುತ್ತಿಸಬೇಕು.

ಸಡಿಲತೆಯ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕು. ರಸ್ತೆಬದಿಯಲ್ಲಿ ಮಾರುವ, ಚಕ್ರದ ಮೇಲೆ ಎಳೆದು ಸಿಕ್ಕಿಸುವ ಕವರುಗಳು ತಿರುವಿನಲ್ಲಿ ಕೈಯೊಳಗೆ ಜಾರುತ್ತವೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮೂಲದಲ್ಲಿ ಇಟ್ಟಿದೆ. ದಿಗಂಬರ ಮುನಿಗಳು ವಾಹನವೇರದೆ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಈರ್ಯಾ ಸಮಿತಿಯಿಂದ ನಡೆಯುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗೃಹಸ್ಥನಿಗೆ ಆ ಎಚ್ಚರದಲ್ಲಿ ಉಳಿದಿರುವ ಪಾಲು ಕಣ್ಣಿನಲ್ಲೂ ಅಂಗೈಯ ಹಿಡಿತದಲ್ಲೂ ಇದೆ. ಅಡ್ಡ ಬಂದ ನಾಯಿಮರಿಯನ್ನು ತಪ್ಪಿಸಬೇಕಾದ ಕ್ಷಣದಲ್ಲಿ ಕೈ ಜಾರಿದರೆ, ಕವರು ಸಸ್ಯದಿಂದ ಆಗಿತ್ತೋ ರಬ್ಬರಿನಿಂದ ಆಗಿತ್ತೋ ಎಂಬುದು ಅರ್ಥವಿಲ್ಲದ ಪ್ರಶ್ನೆ. ಹಾಗಾಗಿ ಚಕ್ರದ ಮೇಲೆಯೇ ಹೊಲಿಸಿದ ಹೊದಿಕೆಯೇ ಸರಿ. ನಡುವಿನ ಏರ್‌ಬ್ಯಾಗಿನ ಮುಚ್ಚಳಕ್ಕೆ ಮಾತ್ರ ಏನನ್ನೂ ಹೊದಿಸಬಾರದು.

ಹೊಲಿಗೆ ಎಂದಾಗ ದಾರವನ್ನೂ ವಿಚಾರಿಸಿ. ರೇಷ್ಮೆ ಬೇಡ, ಗೂಡಿನೊಳಗಿನ ಹುಳುವಿನ ಗತಿ ನಮಗೆ ಗೊತ್ತಿರುವುದೇ. ಕೆಲವು ದಾರಗಳಿಗೆ ಜೇನುಮೇಣ ಸವರಿರುತ್ತಾರೆ. ಮಧುತ್ಯಾಗ ಮಾಡಿದವರು ಮೇಣವಿಲ್ಲದ ಪಾಲಿಯೆಸ್ಟರ್ ದಾರವನ್ನು ಕೇಳಿ ಪಡೆಯಬಹುದು. ‘ಸ್ಯೂಡ್’ ಎಂಬ ಹೆಸರು ಕೇಳಿ ಬಟ್ಟೆಯೆಂದು ಭ್ರಮಿಸಬಾರದು. ನಿಜವಾದ ಸ್ಯೂಡ್ ತೊಗಲಿನ ಒಳಮೈ. ಅದೇ ರೂಪದ ಅಲ್ಕಾಂಟಾರಾ ಮಾತ್ರ ಪಾಲಿಯೆಸ್ಟರ್ ಮತ್ತು ಪಾಲಿಯುರಿಥೇನ್‌ಗಳ ಕೃತಕ ವಸ್ತು. ‘ವೀಗನ್ ಲೆದರ್’ ಎಂಬ ಚೀಟಿಯೂ ವಸ್ತುವಿನ ಪೂರ್ಣ ಪರಿಚಯವಲ್ಲ. ಅನಾನಸ್ ಎಲೆಯ ನಾರಿನದಕ್ಕೂ ಮೇಲೊಂದು ಪ್ಲಾಸ್ಟಿಕ್ ಲೇಪನವಿರುವುದುಂಟು. ಸಂದೇಹವಿದ್ದರೆ ತುಂಡಿನ ಕತ್ತರಿಸಿದ ಅಂಚನ್ನು ನೋಡಿ: ತೊಗಲಾದರೆ ಒಳಗೆಲ್ಲ ಎಳೆಎಳೆ, ಕೃತಕವಾದರೆ ಸಾಮಾನ್ಯವಾಗಿ ಹಿಂದೆ ನೇಯ್ದ ಬಟ್ಟೆ. ಚಿಕ್ಕ ಚೂರೊಂದನ್ನು ಸುಟ್ಟರೆ ತೊಗಲು ಕೂದಲು ಸುಟ್ಟ ವಾಸನೆ ಕೊಡುತ್ತದೆ.

ಇನ್ನು, ಹಳೆಯ ಕಾರು ಕೊಂಡಾಗ ಅದರಲ್ಲಿ ಚರ್ಮದ ಚಕ್ರವೇ ಬಂದಿದ್ದರೆ? ಕಿತ್ತು ಹಾಕಬೇಕೆನ್ನುವವರೂ ಇದ್ದಾರೆ, ಹಾಗೇ ಬಿಡಬೇಕೆನ್ನುವವರೂ ಇದ್ದಾರೆ. ಎರಡು ನಯಗಳಲ್ಲೂ ಸತ್ಯದ ಅಂಶವಿದೆ. ಚರ್ಮಸ್ಪರ್ಶವನ್ನೇ ಬಿಟ್ಟ ವ್ರತಿಗೆ ತೆಗೆಸದೆ ಗತ್ಯಂತರವಿಲ್ಲ. ಉಳಿದವರು ಅದು ಸವೆಯುವವರೆಗೆ ಕಾದು, ಆಮೇಲೆ ಚರ್ಮವಲ್ಲದ್ದನ್ನು ಹೊಲಿಸಿದರೆ ಹೊಸ ವಸ್ತುವಿನ ಆರಂಭವೊಂದು ಅಷ್ಟು ಕಾಲ ಮುಂದೆ ಹೋಗುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಚಕ್ರವಿರುವವರಿಗೆ ಇನ್ನೂ ಸುಲಭದ ದಾರಿಯಿದೆ. ಎಷ್ಟೋ ಬಾರಿ ಆ ಅಂಟು ಬರಿಯ ಬೆವರು, ಧೂಳುಗಳ ಪದರ. ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಆಡಿಸಿ, ಬಿಸಿಲಿನಲ್ಲಿ ನಿಲ್ಲಿಸುವಾಗ ಮೇಲೊಂದು ಹಳೆಯ ಪಂಚೆ ಹೊದಿಸಿದರೆ ಹೊಸ ಹೊದಿಕೆಯ ಮಾತು ಕೆಲವು ವರ್ಷ ಏಳುವುದೇ ಇಲ್ಲ.