ಆ ಸಣ್ಣ ತೂತು ಇರುವುದು ನಿಮಗಾಗಿಯೇ

ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋದಾಗ ಹಳೆಯ ಕಂಪ್ಯೂಟರಿನ ಮುಂಭಾಗವನ್ನು ಒಮ್ಮೆ ಸರಿಯಾಗಿ ನೋಡ್ರಿ. ಸಿ.ಡಿ. ಹಾಕುವ ಟ್ರೇ ಇರುತ್ತದೆ. ಅದರ ಕೆಳಗೆ ಒಂದು ಬಟನ್, ಒಂದು ಸಣ್ಣ ದೀಪ. ಅವುಗಳ ಪಕ್ಕದಲ್ಲೇ ಒಂದು ತಂತಿ ತೂರುವಷ್ಟು ತೂತು. "ಅದು ಯಾಕೈತ್ರಿ ಸರ್?" ಅಂತ ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ನಾನು ಕಂಪ್ಯೂಟರ್ ಕಲಿಸಲು ಶುರು ಮಾಡಿದ ಮೇಲೂ ಎರಡು ವರ್ಷ ಅದು ಗಾಳಿ ಆಡಲಿಕ್ಕೆ ಬಿಟ್ಟದ್ದು ಅಂತಲೇ ತಿಳಿದಿದ್ದೆ. ಆ ತಿಳಿವಳಿಕೆಗೆ ದಂಡ ಕಟ್ಟಿದ್ದೂ ಆಯಿತು.

ಒಂದು ಸಲ ಶಾಲೆಯ ಗ್ಯಾದರಿಂಗಿನ ಸಿ.ಡಿ. ಒಳಗೆ ಸಿಕ್ಕಿಕೊಂಡಿತು. ಮಕ್ಕಳೆಲ್ಲ ತಮ್ಮ ನಾಟಕ ನೋಡಬೇಕೆಂದು ಸುತ್ತ ನಿಂತಿದ್ದರು. ಬಟನ್ ಒತ್ತಿದರೆ ಕರ್ ಕರ್ ಸದ್ದು ಬರುತ್ತಿತ್ತು, ಟ್ರೇ ಬರಲೊಲ್ಲದು. ನನಗೆ ಸಿಟ್ಟು ಬಂತು. ಸ್ಕ್ರೂ ಡ್ರೈವರ್ ತಂದು ಸಂದಿಯಲ್ಲಿಟ್ಟು ಮೀಟಿದೆ. ಟ್ರೇ ಮುರಿಯಿತು, ಜೊತೆಗೆ ಸಿ.ಡಿ.ಯೂ ಸೀಳಿತು. ಅದರ ಇನ್ನೊಂದು ಪ್ರತಿ ಯಾರ ಹತ್ತಿರವೂ ಇರಲಿಲ್ಲ. ತಪ್ಪು ಪೂರಾ ನನ್ನದೇ. ಆ ತಂಡದ ಹುಡುಗರು ಈಗ ದೊಡ್ಡವರಾಗಿದ್ದಾರೆ, ಪೇಟೆಯಲ್ಲಿ ಸಿಕ್ಕರೆ ಇವತ್ತಿಗೂ ಕೇಳುತ್ತಾರೆ.

ಹೋದ ವರ್ಷ ಅದೇ ಗಂಡಾಂತರ ಮತ್ತೆ ಬಂತು. ಎಂಟನೆಯ ಇಯತ್ತೆಯ ಒಬ್ಬ ಹುಡುಗಿಯ ಮನೆಯವರು ಗಡಹಿಂಗ್ಲಜ ಕಡೆಯವರು, ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಬಂದು ನೆಲೆಸಿದವರು. ಊರಲ್ಲಿದ್ದ ಅವಳ ಆಯಿ ಹಾಡಿದ ಬೀಸುವ ಪದಗಳನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಫೋಟೋ ಸ್ಟುಡಿಯೋದಲ್ಲಿ ಸಿ.ಡಿ. ಮಾಡಿಸಿದ್ದರು. ಆ ಮೊಬೈಲ್ ಕೆಟ್ಟು ಹೋಗಿದೆ. ಆಯಿಯೂ ಈಗ ಇಲ್ಲ. ಉಳಿದದ್ದು ಆ ಸಿ.ಡಿ. ಒಂದೇ. ಅದು ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಸಿಕ್ಕಿತು. ಫೋನಿನಲ್ಲಿ ಕೇಳಿದಾಗ ರಿಪೇರಿಯವರು ಹೇಳಿದ್ದು, "ಹಳೇ ಡ್ರೈವ್ ಒಗೀರಿ ಸರ್, ಹೊಸದು ಹಾಕಿ ಕೊಡ್ತೀನಿ." ಹುಡುಗಿ ಅಲ್ಲೇ ನಿಂತಿದ್ದಳು. "ಸರ್, ನಮ್ಮ ಆಯಿ ಹಾಡು ಅದರಾಗ ಐತ್ರಿ" ಅಂದಳು.

ನಾನಂತೂ ಸಿಕ್ಕ ಸಿಕ್ಕ ಬಟನ್ ಒತ್ತುತ್ತಲೇ ಇದ್ದೆ. ಹಿಂದಿನ ಬಾಕಿನ ಹುಡುಗನೊಬ್ಬ, ಅವನ ಅಪ್ಪ ಪವರ್‌ಲೂಮಿನಲ್ಲಿ ಜಾಬರ್, ಎದ್ದು ಬಂದು ಹೇಳಿದ: "ಮೊದಲ ಬಂದ್ ಮಾಡ್ರಿ ಸರ್. ನಡಿಯೋ ಮಗ್ಗದಾಗ ಯಾರರ ಕೈ ಹಾಕ್ತಾರೇನ್ರಿ?"

ಅವನು ಹೇಳಿದ್ದು ಎಷ್ಟು ಸರಿ ಅಂತ ಲೆಕ್ಕ ಮಾಡಿಯೇ ನೋಡೋಣ. 52 ಎಕ್ಸ್ ಅಂತ ಬರೆದಿರುವ ಡ್ರೈವಿನಲ್ಲಿ ಸಿ.ಡಿ. ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಬಲ್ಲದು. ಸಿ.ಡಿ.ಯ ವ್ಯಾಸ 12 ಸೆಂ.ಮೀ., ಅಂದರೆ ಪರಿಧಿ ಸುಮಾರು 37.7 ಸೆಂ.ಮೀ. ಗುಣಿಸಿ ಭಾಗಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 63 ಮೀಟರ್ ಬರುತ್ತದೆ. ತಾಸಿಗೆ 226 ಕಿ.ಮೀ.! ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುವ ಬಸ್ಸಿನ ಎರಡು ಪಟ್ಟಿಗೂ ಹೆಚ್ಚು. ಆ ವೇಗದಲ್ಲಿರುವಾಗ ಟ್ರೇಯನ್ನು ಮೀಟುವುದೆಂದರೆ ಸಿ.ಡಿ.ಗೂ ಕೇಡು, ಕಣ್ಣಿಗೂ ಕೇಡು.

ಹಾಗಾಗಿ ಕ್ರಮ ಹೀಗೆ. ಮೊದಲು ಮೆತ್ತಗಿನ ದಾರಿ. ಸಿ.ಡಿ.ಯಲ್ಲಿನ ಯಾವುದಾದರೂ ಫೈಲ್ ತೆರೆದಿದ್ದರೆ ಮುಚ್ಚಿರಿ, ಏಕೆಂದರೆ ಕೆಲವು ಸಲ ಯಂತ್ರ ಕೆಟ್ಟಿರುವುದಿಲ್ಲ, ಪ್ರೋಗ್ರಾಮೇ ಬಾಗಿಲು ಹಿಡಿದಿರುತ್ತದೆ. ಪರದೆಯ ಮೇಲಿನ ಡ್ರೈವಿನ ಚಿತ್ರದ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ 'ಇಜೆಕ್ಟ್' ಆರಿಸಿರಿ. ಆಗದಿದ್ದರೆ ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿರಿ. ವಿಂಡೋಸ್ ಏಳುವುದಕ್ಕಿಂತ ಮೊದಲೇ ಡ್ರೈವಿನ ಬಟನ್ ಒತ್ತಿರಿ. ಅದಕ್ಕೂ ಜಗ್ಗದಿದ್ದರೆ ಪೂರ್ತಿ ಬಂದ್ ಮಾಡಿ, ಪ್ಲಗ್ ಕಿತ್ತು, ಒಂದೆರಡು ನಿಮಿಷ ಸುಮ್ಮನಿರಿ. ಒಳಗೆ ತಿರುಗುತ್ತಿರುವುದು ನಿಲ್ಲಬೇಕು.

ಆಮೇಲೆ ಬರುತ್ತದೆ ನಮ್ಮ ತೂತಿನ ಸರದಿ. ಕಾಗದಕ್ಕೆ ಹಚ್ಚುವ ಯು-ಪಿನ್ ತೆಗೆದುಕೊಂಡು ಒಂದು ಕಾಲನ್ನು ನೆಟ್ಟಗೆ ಮಾಡಿರಿ. ಟಾಚಣಿ ಬೇಡ, ಅದು ಗಿಡ್ಡ, ಮೇಲಾಗಿ ಕೈಜಾರಿ ಒಳಗೆ ಬಿದ್ದರೆ ಇನ್ನೊಂದು ತಾಪತ್ರಯ. ತಂತಿಯನ್ನು ಓರೆ ಮಾಡದೆ ನೇರವಾಗಿ ತೂರಿಸಿರಿ. ಒಳಗೆ ಏನೋ ತಡೆದಂತೆ ಆಗುತ್ತದೆ. ಅಲ್ಲಿ ಸ್ವಲ್ಪ ಬಲ ಹಾಕಿ ಒತ್ತಿರಿ. ಟ್ರೇ ಒಂದು ಉಗುರಿನಷ್ಟು ಮುಂದೆ ಬರುತ್ತದೆ. ಇನ್ನು ಕೈಯಿಂದ ನಿಧಾನವಾಗಿ ಎಳೆದುಕೊಳ್ಳಿರಿ. ಲ್ಯಾಪ್‌ಟಾಪಿನ ತೆಳ್ಳಗಿನ ಡ್ರೈವಿಗೂ ಇಂಥ ತೂತು ಇರುತ್ತದೆ. ಅಲ್ಲಿ ಸಿ.ಡಿ. ನಡುವಿನ ಗುಬ್ಬಿಗೆ ಕಚ್ಚಿಕೊಂಡಿರುವುದರಿಂದ, ಗುಬ್ಬಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಸಿ.ಡಿ.ಯ ಅಂಚನ್ನು ಎತ್ತಬೇಕು.

ಕರೆಂಟೇ ಇಲ್ಲದೆ ಇದು ಹೇಗಾಯಿತು? ಒಳಗೆ ಟ್ರೇಯನ್ನು ಸರಿಸಲು ಒಂದು ಪುಟ್ಟ ಮೋಟಾರು ಇದೆ. ಬಹಳಷ್ಟು ಡ್ರೈವುಗಳಲ್ಲಿ ಮೋಟಾರಿನಿಂದ ಹಲ್ಲಿನ ಗಾಲಿಗೆ ಒಂದು ರಬ್ಬರ್ ಪಟ್ಟಾ ಹಾಕಿರುತ್ತಾರೆ, ಹಿಟ್ಟಿನ ಗಿರಣಿಯ ಪಟ್ಟಾದ ಹಾಗೆಯೇ, ಉಂಗುರದಷ್ಟು ಸಣ್ಣದು. ಮುಚ್ಚಿದ ಡ್ರೈವಿನಲ್ಲಿ ಸಿ.ಡಿ.ಯನ್ನು ಮೇಲಿನಿಂದ ಒಂದು ಬಿಲ್ಲೆ ಅಯಸ್ಕಾಂತದ ಬಲದಿಂದ ಅದುಮಿ ಹಿಡಿದಿರುತ್ತದೆ. ಟ್ರೇ ಹೊರಬರಬೇಕಾದರೆ ಮೊದಲು ಆ ಹಿಡಿತ ಬಿಡಬೇಕು. ಎಲ್ಲಕ್ಕಿಂತ ಹೆಚ್ಚು ಬಲ ಬೇಕಾಗುವುದು ಆ ಕ್ಷಣದಲ್ಲಿ. ವರ್ಷಗಳು ಕಳೆದಂತೆ ಪಟ್ಟಾ ಸಡಿಲಾಗಿ ಅಲ್ಲೇ ಜಾರುತ್ತದೆ. ಮೋಟಾರು ತಿರುಗುತ್ತದೆ, ಸದ್ದು ಬರುತ್ತದೆ, ಟ್ರೇ ಬರುವುದಿಲ್ಲ. ನಿಮ್ಮ ತಂತಿ ಮೋಟಾರನ್ನೂ ಪಟ್ಟಾವನ್ನೂ ಬದಿಗಿಟ್ಟು ಒಳಗಿನ ಪಟ್ಟಿಯನ್ನೇ ಸರಿಸುತ್ತದೆ. ಆಗ ಸಿ.ಡಿ. ಕೂತಿರುವ ಭಾಗ ಕೆಳಗಿಳಿದು ಅಯಸ್ಕಾಂತದ ಹಿಡಿತ ಬಿಡುತ್ತದೆ, ಟ್ರೇಯ ಕೊಂಡಿಯೂ ಕಳಚುತ್ತದೆ. ಬರೀ ಸರಳ ಯಂತ್ರದ ಕೆಲಸ, ನಿಮ್ಮ ವಿಜ್ಞಾನದ ಪಾಠದಲ್ಲಿ ಓದಿದ್ದೇ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಎಷ್ಟೋ ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ಮೊದಲು ಕಾಣುವುದು 'ಮುಟ್ಟಬೇಡಿ' ಎಂಬ ಚೀಟಿ. ಬರೆದವರು ನಾವೇ, ಮಾಸ್ತರರು. ಹೊರಗೆ ನೋಡಿದರೆ ನಮ್ಮ ಜಿಲ್ಲೆ ಕೈಯಿಂದಲೇ ಬದುಕಿದ ಜಿಲ್ಲೆ. ಕೊಲ್ಹಾಪುರದ ಉದ್ಯಮನಗರದಲ್ಲಿ ಎಂಜಿನ್ ಬಿಚ್ಚಿ ಕೂಡಿಸುತ್ತಾರೆ. ಇಚಲಕರಂಜಿಯಲ್ಲಿ ಲಾಳಿ ಸಿಕ್ಕಿಕೊಂಡರೆ ಜಾಬರ್ ಸದ್ದು ಕೇಳಿಯೇ ದೋಷ ಹೇಳುತ್ತಾನೆ. ಅಂಥವರ ಮಕ್ಕಳನ್ನು ಶಾಲೆಯೊಳಗೆ ಕೂರಿಸಿ ಯಂತ್ರ ಮುಟ್ಟಬೇಡಿ ಅನ್ನುವುದು ಯಾವ ವಿಜ್ಞಾನ? ಯಂತ್ರ ಮಾಡಿದವನು ತೂತು ಬಿಟ್ಟದ್ದೇ ನಿಮಗಾಗಿ. ಎಂದಾದರೂ ಇದು ಕೆಡುತ್ತದೆ, ಆಗ ಇಟ್ಟವನ ವಸ್ತು ಇಟ್ಟವನಿಗೆ ಸಿಗಬೇಕು ಅಂತ ಅವನು ಮೊದಲೇ ಯೋಚಿಸಿದ್ದ. ಹಾಂ, ಪ್ಲಗ್ ಕೀಳದೆ ಕೈ ಹಾಕುವವನಿಗೆ ನಾನೂ 'ಮುಟ್ಟಬೇಡ' ಅಂತಲೇ ಹೇಳುತ್ತೇನೆ. ಟ್ರೇ ಇಲ್ಲದ, ಬರೀ ಸೀಳಿನಲ್ಲಿ ಸಿ.ಡಿ. ನುಂಗುವ ಡ್ರೈವುಗಳೂ ಬಂದವು. ನೋಡಲು ಚೆಂದ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಈ ತೂತಿಲ್ಲ. ನನಗೆ ಅವು ಸೇರುವುದಿಲ್ಲ.

ಇನ್ನೊಂದು ಮಾತು. ಡ್ರೈವ್ ಹೋದರೆ ಇನ್ನೊಂದು ಸಿಗುತ್ತದೆ, ಸಿ.ಡಿ.ಯಲ್ಲಿದ್ದದ್ದು ಹೋದರೆ ಹೋಯಿತು. ಯು-ಪಿನ್ನಿಗೂ ಬಗ್ಗದಿದ್ದರೆ ಡ್ರೈವನ್ನೇ ಹೊರತೆಗೆದು ಸ್ಕ್ರೂ ಬಿಚ್ಚಿಸಿರಿ, ಬೇಕಾದರೆ ಅದನ್ನೇ ಬಲಿ ಕೊಡಿರಿ. ಹೊರಬಂದ ಸಿ.ಡಿ.ಯನ್ನು ಅಂಚು ಹಿಡಿದು ಎತ್ತಿರಿ. ಧೂಳಿದ್ದರೆ ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿರಿ, ಗೋಲಾಗಿ ಉಜ್ಜಬೇಡಿರಿ. ಮಾಹಿತಿಯ ಸಾಲು ಸುರುಳಿಯಾಗಿ ಸುತ್ತಿರುತ್ತದೆ. ಅಡ್ಡ ಗೀರು ಬಿದ್ದರೆ ಒಂದೊಂದು ಸುತ್ತಿನಲ್ಲಿ ಚೂರು ಚೂರು ಮಾತ್ರ ಅಳಿಯುತ್ತದೆ, ಅದನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಾಲಿನ ಉದ್ದಕ್ಕೂ ಗೀರು ಬಿದ್ದರೆ ತುಂಬಿಕೊಳ್ಳಲಾಗದು. ಹೆಸರು ಬರೆಯುವ ಮೇಲ್ಭಾಗವೇ ಗಟ್ಟಿ ಅಂತ ತಿಳಿಯಬೇಡಿರಿ. ಸಿ.ಡಿ.ಯಲ್ಲಿ ಹೊಳೆಯುವ ಪದರ ಆ ಬಣ್ಣದ ಕೆಳಗೇ ಇದೆ, ಬಾಲ್ ಪೆನ್ನಿನ ಮೊನೆ ಸಾಕು ಕೆಡಿಸಲಿಕ್ಕೆ.

ಆಮೇಲೆ ಅವತ್ತೇ ಪ್ರತಿ ಮಾಡಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ 1086ರಲ್ಲಿ ರಾಜನು ಬರೆಸಿದ ಡೂಮ್ಸ್‌ಡೇ ಎಂಬ ಜಮೀನು ದಾಖಲೆಯ ಪುಸ್ತಕವಿದೆ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿಬಿಸಿಯವರು ಶಾಲಾ ಮಕ್ಕಳಿಂದಲೇ ಊರೂರಿನ ವಿವರ ಬರೆಸಿ ದೊಡ್ಡ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಹದಿನೈದೇ ವರ್ಷಕ್ಕೆ ಅವನ್ನು ಓದುವ ಯಂತ್ರಗಳು ಸಿಗುವುದು ದುರ್ಲಭವಾಗಿ, ಸಂಶೋಧಕರು ಹೆಣಗಿ ಅದನ್ನು ಹೊರತೆಗೆಯಬೇಕಾಯಿತು. 1086ರ ಪುಸ್ತಕವನ್ನು ಮಾತ್ರ ಇಂದಿಗೂ ಪುಟ ತಿರುವಿ ಓದಬಹುದು. ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಡ್ರೈವೇ ಇರುವುದಿಲ್ಲ ಎಂಬುದನ್ನು ನೀವೇ ನೋಡಿದ್ದೀರಿ. ಹಾಗಾದರೆ ನಿಮ್ಮ ಮನೆಯ ಮದುವೆ, ಅಜ್ಜನ ಭಜನೆ, ಶಾಲೆಯ ನಾಟಕ ಇರುವ ಸಿ.ಡಿ.ಗಳನ್ನು ಇನ್ನೆಷ್ಟು ದಿನ ಓದಿಸಬಲ್ಲಿರಿ? ಶಾಲೆಯ ಹಳೆ ಕಂಪ್ಯೂಟರನ್ನು ಭಂಗಾರದವನಿಗೆ ಹಾಕುವ ಮೊದಲು ನಿಮ್ಮ ಸರ್‌ಗೆ ಕೇಳಿರಿ, ಒಂದು ಡ್ರೈವ್ ಉಳಿಸಿಕೊಳ್ಳಿರಿ. ಟ್ರೇ ತೆರೆದು ಒಳಗೆ ಏನಾದರೂ ಉಳಿದಿದೆಯೋ ನೋಡಿರಿ.

ಆಯಿಯ ಸಿ.ಡಿ. ಏನಾಯಿತು ಅಂತ ಕೇಳುತ್ತೀರಿ. ಜಾಬರನ ಮಗನೇ ಪ್ಲಗ್ ಕಿತ್ತ, ಹುಡುಗಿಯೇ ತಂತಿ ಒತ್ತಿದಳು. ಎರಡನೆಯ ಸಲಕ್ಕೆ ಟ್ರೇ ಬಂತು. ಬೇರೆ ಕಂಪ್ಯೂಟರಿನಲ್ಲಿ ಹಾಕಿ ಪೆನ್ ಡ್ರೈವಿಗೆ ಒಂದು, ಶಾಲೆಯ ಕಂಪ್ಯೂಟರಿಗೆ ಒಂದು ಪ್ರತಿ ತೆಗೆದೆವು. ಏಳು ಪದಗಳಿದ್ದವು. ಕೊನೆಯದರ ನಡುವೆ ಬೀಸುವ ಕಲ್ಲಿನ ಸದ್ದು ನಿಂತು, ಆಯಿ ಯಾರನ್ನೋ ಕೇಳುತ್ತಾಳೆ: "ಹಚ್ಚೀಯೇನ ಇನ್ನ ಅದನ್ನ?"